ಉಮ್ಮನ ಮೇಲೆ ಅಕ್ಕ ಕಲಿತ ಕೆಲಸ

ನಾನು ಚಿಕ್ಕವಳಿದ್ದಾಗ, ಒಂದು ಶುಕ್ರವಾರ ಮಧ್ಯಾಹ್ನ, ಸತ್ತವಳ ಹಾಗೆ ಮಲಗಿಕೊಂಡಿದ್ದೆ. ನಗಬೇಡಿ ಮಕ್ಕಳೇ, ಅದು ಆಟವಾಗಿರಲಿಲ್ಲ. ಹಾಗೆ ಮಲಗು ಎಂದು ಹೇಳಿದವಳು ನನ್ನ ಅಕ್ಕ.

ಆಗಲೂ ನಾವು ಸೌದಿಯ ಇದೇ ಅಲ್ ಖೋಬರಿನಲ್ಲಿದ್ದೆವು, ಸಮುದ್ರಕ್ಕೆ ಹತ್ತಿರದ ಒಂದು ಹಳೆಯ ಕಟ್ಟಡದಲ್ಲಿ. ಅಪ್ಪ ಪಕ್ಕದ ದಹ್ರಾನಿನ ತೈಲ ಕಂಪನಿಯ ಕ್ಯಾಂಪಿನಲ್ಲಿ ಎಸಿ ರಿಪೇರಿ ಮಾಡುತ್ತಿದ್ದರು. ನಮ್ಮ ಮನೆಯ ಎಸಿ ಮಾತ್ರ ಲಾರಿಯ ಹಾಗೆ ಗುಡುಗುತ್ತಿತ್ತು. ಅಕ್ಕ ಮಂಗಳೂರಿನಲ್ಲಿ ನರ್ಸಿಂಗ್ ಕಲಿಯುತ್ತಿದ್ದಳು. ನಮ್ಮವರಲ್ಲಿ ಹೆಣ್ಣುಮಕ್ಕಳು ಆ ಓದಿಗೆ ಹೋಗುವುದು ಆಗ ಅಪರೂಪ. ಕಂಡವರ ಮೈ ಮುಟ್ಟುವ ಕೆಲಸ ಎಂದು ಬಂಧುಗಳು ಮೂಗು ಮುರಿದಿದ್ದರು. ಅಪ್ಪ ಯಾರ ಮಾತಿಗೂ ಸೊಪ್ಪು ಹಾಕದೆ ಅವಳನ್ನು ಸೇರಿಸಿದ್ದರು.

ಆ ವರ್ಷ ರಜೆಗೆ ಬಂದ ಅಕ್ಕ ಮೊದಲಿನ ಅಕ್ಕನಾಗಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಸುಮ್ಮಸುಮ್ಮನೆ ಕೈ ತೊಳೆಯುತ್ತಿದ್ದಳು, ಹತ್ತಿರ ಕುಳಿತರೆ ಬರೀ ಸಾಬೂನಿನ ವಾಸನೆ. ಒಂದು ದಿನ ಅವಳು ಉಮ್ಮನಿಗೆ, ಅಂದರೆ ನಮ್ಮ ತಾಯಿಗೆ, ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ದಿನವೂ ಅಕ್ಕನ ಕೈಯಿಂದಲೇ ಗಂಜಿ ಕುಡಿಯುತ್ತಿದ್ದ ಒಬ್ಬ ಮುದುಕಿ ವಾರ್ಡಿನಲ್ಲಿ ತೀರಿಕೊಂಡಿದ್ದರಂತೆ. ಅವರ ಕಣ್ಣು ಮುಚ್ಚಿಸಿ, ಗದ್ದ ಕಟ್ಟಿ, ಕೈಕಾಲು ನೇರ ಮಾಡಿ ಬಟ್ಟೆ ಹೊದಿಸುವ ಕೆಲಸ ಅಕ್ಕನ ಪಾಲಿಗೆ ಬಂದಿತ್ತು. ಅಕ್ಕ ಮುಟ್ಟಲಾರದೆ ಹೊರಗೆ ಓಡಿದ್ದಳು. ಇದು ಬಾರದವಳು ನರ್ಸೇ ಅಲ್ಲ ಎಂದು ಹಿರಿಯ ಸಿಸ್ಟರ್ ಎಲ್ಲರೆದುರು ಹೇಳಿದ್ದರಂತೆ. ರಜೆ ಮುಗಿಸಿ ಹೋದ ಕೂಡಲೇ ಅವಳು ಆ ಕೆಲಸ ಮಾಡಿ ತೋರಿಸಬೇಕಿತ್ತು. ಇಲ್ಲವಾದರೆ ಓದು ಅಲ್ಲಿಗೇ ಮುಗಿದಂತೆ.

ಆ ಶುಕ್ರವಾರ ಅಪ್ಪ ಜುಮಾ ನಮಾಜು ಮುಗಿಸಿ, ಮೀನುಸಾರಿನಲ್ಲಿ ಉಂಡು ಮಲಗಿದ್ದರು. ಉಮ್ಮ ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಿದ್ದಳು. ಅಕ್ಕ ನನ್ನನ್ನು ಕೋಣೆಗೆ ಕರೆದು, "ಸ್ವಲ್ಪ ಹೊತ್ತು ಮಲಗು. ಸತ್ತವರ ಹಾಗೆ. ಅಲ್ಲಾಡ್ಬೇಡ, ಆಯ್ತಾ?" ಅಂದಳು. ಅವಳ ಅಂಗೈ ನನ್ನ ರೆಪ್ಪೆಗಳ ಮೇಲೆ ಬಂತು. ಒದ್ದೆಯಾಗಿತ್ತು, ನಡುಗುತ್ತಿತ್ತು. ತಲೆಬಟ್ಟೆಯಿಂದ ನನ್ನ ಗದ್ದವನ್ನು ನೆತ್ತಿಗೆ ಸೇರಿಸಿ ಕಟ್ಟಿದಳು. ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದಳು. ಬೆಡ್‌ಶೀಟು ಮುಖದ ಮೇಲೆ ಬಂದಾಗ ಒಳಗೆಲ್ಲ ಬಿಳಿ ಬೆಳಕು, ನನ್ನದೇ ಬಿಸಿ ಉಸಿರು. ಎಸಿಯ ಸದ್ದು ಎಲ್ಲೋ ದೂರ ಹೋದಂತಾಯಿತು. ನನಗೆ ತುಂಬ ಹೆದರಿಕೆಯಾಯಿತು. ಆದರೂ ಅಲ್ಲಾಡಲಿಲ್ಲ, ಅಕ್ಕ ಪಾಸಾಗಬೇಕಿತ್ತಲ್ಲ.

ಒಳಗೆ ಬಂದ ಉಮ್ಮ ಚೀರಿದಳು. ಶೀಟು ಕಿತ್ತೆಸೆದು ನನ್ನನ್ನು ಎದೆಗವಚಿಕೊಂಡಳು.

"ಎಂತ ಮಾಡ್ತಿದ್ದಿ ನೀನು? ತಲೆ ಸರಿ ಉಂಟಾ ನಿಂಗೆ? ಜೀವ ಇರುವ ಮಗುವಿಗೆ ಮಯ್ಯತ್ತಿನ ಕಟ್ಟು ಕಟ್ತಾರಾ?"

ಗದ್ದಲಕ್ಕೆ ಅಪ್ಪ ಎದ್ದು ಬಂದು ಬಾಗಿಲಲ್ಲಿ ನಿಂತರು. ಅಕ್ಕ ನೆಲಕ್ಕೆ ಕುಸಿದಿದ್ದಳು.

"ಇವಳ ಮೇಲೆ ಮಾಡ್ಲಿಕ್ಕೆ ಬಂದ್ರೆ ಆಮೇಲೆ ಯಾರ ಮೇಲೂ ಬರ್ತದೆ ಅಂದುಕೊಂಡೆ ಉಮ್ಮಾ. ನನ್ನಿಂದ ಆಗುದಿಲ್ಲ. ನಾನು ವಾಪಸ್ ಹೋಗುದಿಲ್ಲ."

"ಬೇಡದಿದ್ರೆ ಬಿಡು ಮಗಳೇ. ಯಾರೂ ಬೈಯುದಿಲ್ಲ," ಅಂದರು ಅಪ್ಪ. ಹಾಗೆನ್ನುವಾಗ ಅವರ ಮುಖ ಸಣ್ಣದಾಗಿತ್ತು.

ಉಮ್ಮ ನನ್ನ ಕಟ್ಟುಗಳನ್ನು ಬಿಚ್ಚಿದಳು. ಆಮೇಲೆ ನನ್ನನ್ನು ಅಪ್ಪನ ಕೈಗೆ ಕೊಟ್ಟು, ತಾನೇ ಆ ಹಾಸಿಗೆಯ ಮೇಲೆ ಮಲಗಿದಳು.

"ಮಕ್ಕಳ ಮೇಲೆ ಬೇಡ. ನನ್ನ ಮೇಲೆ ಮಾಡು. ನನಗೆ ಹೇಗೂ ಒಂದು ದಿನ ಮಾಡ್ಲಿಕ್ಕೆ ಉಂಟಲ್ಲ? ಆ ದಿನವೂ ನೀನೇ ಮಾಡ್ಬೇಕು."

ಅಕ್ಕ ಅಳುತ್ತಲೇ ಹೂಂ ಅಂದಳು. ಎದ್ದು ಬಂದು ಉಮ್ಮನ ಕಣ್ಣು ಮುಚ್ಚಿಸಿದಳು. ಮೀನಿನ ವಾಸನೆ ಇನ್ನೂ ಹೋಗದ ಆ ಕೈಗಳನ್ನು ನೇರ ಮಾಡಿದಳು. ಉಮ್ಮನ ಮುಖ ಬಟ್ಟೆಯ ಕೆಳಗೆ ಮರೆಯಾದಾಗ ಅಪ್ಪ ಗೋಡೆಯ ಕಡೆ ತಿರುಗಿದರು, ನಾನು ಗೋಳೋ ಎಂದು ಅತ್ತೆ. ಅಕ್ಕನ ಕೈ ಮಾತ್ರ ಆಗ ನಡುಗುತ್ತಿರಲಿಲ್ಲ.

ಅಕ್ಕ ಹಿಂದಿರುಗಿ ಹೋದಳು, ಪಾಸಾದಳು, ಈ ದೇಶದ ಇನ್ನೊಂದು ತುದಿಯ ಅಭಾದ ಒಂದು ಆಸ್ಪತ್ರೆಗೆ ನರ್ಸ್ ಆಗಿ ಬಂದಳು. ಎಷ್ಟೋ ಜನರ ಕಣ್ಣು ಮುಚ್ಚಿಸಿದಳು. ಆದರೆ ಉಮ್ಮ ಇಲ್ಲಿ ಖೋಬರಿನಲ್ಲಿ ತೀರಿಕೊಂಡ ದಿನ ಅಕ್ಕ ಅಭಾದಲ್ಲಿ ಡ್ಯೂಟಿಯಲ್ಲಿದ್ದಳು. ವಿಮಾನ ಸಿಕ್ಕಿದ್ದು ಮಾರನೆಯ ದಿನ. ನಮ್ಮಲ್ಲಿ ದಫನ ಅಷ್ಟು ಹೊತ್ತು ಕಾಯುವುದಿಲ್ಲ. ಹೆಸರೂ ಗೊತ್ತಿಲ್ಲದ ಒಬ್ಬ ನರ್ಸ್ ಉಮ್ಮನ ಗದ್ದ ಕಟ್ಟಿದಳು. ಅಕ್ಕ ಬಂದವಳು ಉಮ್ಮನ ಬರಿದಾದ ಹಾಸಿಗೆಯ ಮೇಲೆ ಕುಳಿತು, "ನಾನು ಹೂಂ ಅಂದಿದ್ದೆ," ಎಂದು ಅದೊಂದನ್ನೇ ಹೇಳುತ್ತಿದ್ದಳು.

ನಿಮ್ಮ ಕಾಲ ಬೇರೆ. ದೂರದಲ್ಲಿದ್ದವರ ಮುಖವನ್ನು ಫೋನಿನಲ್ಲಾದರೂ ನೋಡುತ್ತೀರಿ. ನಿಮ್ಮಲ್ಲಿ ದೊಡ್ಡವಳು ಈಗ ಇದೇ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಉಸಿರಾಡುವ ಪ್ಲಾಸ್ಟಿಕ್ ಗೊಂಬೆ ಇದೆಯಂತೆ, ಸತ್ತರೂ ಗುಂಡಿ ಒತ್ತಿದರೆ ಮತ್ತೆ ಎದೆ ಏರಿಳಿಯುತ್ತದಂತೆ. ಒಳ್ಳೆಯದಾಯಿತು. ಯಾವ ತಂಗಿಯೂ ಶೀಟಿನೊಳಗೆ ಉಸಿರು ಬಿಗಿಹಿಡಿಯಬೇಕಾಗಿಲ್ಲ.

ಆದರೆ ಮೊನ್ನೆ ಅವಳು ವಾರ್ಡಿನಲ್ಲಿ ಮೊದಲ ಸಾವು ನೋಡಿ ಬಂದು ನನ್ನ ಪಕ್ಕ ಕುಳಿತಳು. "ಗೊಂಬೆ ತಣ್ಣಗಾಗುದಿಲ್ಲ ಅಜ್ಜಿ," ಅಂದಳು. ಅವಳ ಕೈಗಳನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ನನ್ನ ಕಣ್ಣನ್ನು ನೀನೇ ಮುಚ್ಚಿಸಬೇಕು ಎನ್ನುವ ಮಾತು ನಾಲಗೆಯ ತುದಿಯವರೆಗೆ ಬಂತು. ಹೇಳಲಿಲ್ಲ. ಅವಳು ಹೂಂ ಅಂದುಬಿಟ್ಟರೆ ಎಂದು ಹೆದರಿದೆ.