ಬೆಂಕಿ ಹಕ್ಕಿಗೆ ಎರಡು ಚಿಕ್ಕ ಕಾರ್ಡು

ಪುಟ್ಟಿ, ಮರಿ, ಇಬ್ಬರಿಗೂ ಸೇರಿಸಿಯೇ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ನಿಮ್ಮ ಅಪ್ಪ ಅಮ್ಮ ಬೇರೆಯಾಗುವುದೆಂದು ತೀರ್ಮಾನವಾದ ದಿನ. ಪುಟ್ಟಿ ಅಮ್ಮನ ಜೊತೆ ದಾಸರಹಳ್ಳಿಗೆ, ಮರಿ ಅಪ್ಪನ ಜೊತೆ ಇಲ್ಲೇ ಕೋಗಿಲಿನಲ್ಲಿ ಎಂದು ದೊಡ್ಡವರು ಮುಂದಿನ ಕೋಣೆಯಲ್ಲಿ ಮಾತಾಡಿದರು. ನಿಮ್ಮ ತಾತ ಬದುಕಿದ್ದಿದ್ದರೆ ನಾಲ್ಕು ಮಾತು ಆಡುತ್ತಿದ್ದರು. ನಾನು ಕಾಫಿ ಕೊಟ್ಟು ಒಳಗೆ ಬಂದೆ.

ಅಡುಗೆಮನೆಯ ನೆಲದ ಮೇಲೆ ನೀವು ಆ ಮಾಯಾ ಪ್ರಾಣಿಗಳ ಕಾರ್ಡು ಹರಡಿಕೊಂಡಿದ್ದಿರಿ. ನನ್ನನ್ನೂ ಆಟಕ್ಕೆ ಎಳೆದಿರಿ. ಆಡುತ್ತಾ ಆಡುತ್ತಾ ನನ್ನ ಕೈಗೆ ಬೆಂಕಿ ಹಕ್ಕಿ ಬಂತು. ನೆಲಕ್ಕಿಡಲು ಹೋದೆ. ಪುಟ್ಟಿ, ನೀನು ತಡೆದೆ.

"ಅಜ್ಜೀ, ದೊಡ್ಡದನ್ನ ಸುಮ್ನೆ ಇಳ್ಸಂಗಿಲ್ಲ. ಮೊದ್ಲು ನಿನ್ನ ಮುಂದಿರೋ ಎರಡು ಚಿಕ್ಕದನ್ನ ಬಲಿ ಕೊಡ್ಬೇಕು."

"ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಬಲಿಗಿಲಿ ಅಂತೀಯಲ್ಲೇ."

"ಆಟ ಕಣಜ್ಜಿ! ಪಕ್ಕಕ್ಕೆ ಇಡೋದಷ್ಟೆ. ಮುಗಿದ್ಮೇಲೆ ಎಲ್ಲಾ ವಾಪಸ್ ಕಾರ್ಡಿನ ಕಟ್ಟಿಗೇ ಬರ್ತವೆ."

ನನ್ನ ಮುಂದಿದ್ದವು ಒಂದು ಮೊಲ, ಒಂದು ಆಮೆ. ಎತ್ತಲು ಕೈ ಬರಲಿಲ್ಲ.

"ಮೊಲಾನ ಮುದ್ದು ಮಾಡ್ಕೊಂಡೇ ಸೋಲ್ತಾಳೆ ನೋಡು," ಎಂದು ಮರಿ, ನೀನು ನಕ್ಕೆ. ನಾನು ಹಾಗೇ ಸೋತೆ.

ಹೊರಡುವ ಬೆಳಿಗ್ಗೆ ಕಾರ್ಡುಗಳನ್ನು ನೀವೇ ಪಾಲು ಮಾಡಿಕೊಂಡಿರಿ. ಒಂದಿಷ್ಟೂ ಜಗಳವಿಲ್ಲ. ಅದನ್ನೇ ನನಗೆ ನೋಡಲಾಗಲಿಲ್ಲ. ಪುಟ್ಟಿ, ನೀನು ದೊಡ್ಡವನ್ನೆಲ್ಲ ತಮ್ಮನ ಕಡೆ ತಳ್ಳಿದೆ. "ನೀನೇ ಇಟ್ಕೊಳೋ, ನಿಂಗಿಷ್ಟ ಅಲ್ವಾ." ಚಿಕ್ಕವನ್ನು ನಿನ್ನ ಚೀಲಕ್ಕೆ ಹಾಕಿಕೊಂಡೆ. ಮರಿ, ನೀನು ಬೆಂಕಿ ಹಕ್ಕಿಯನ್ನು ಎದೆಗೆ ಒತ್ತಿಕೊಂಡಿದ್ದೆ. ಚಿಕ್ಕವಿಲ್ಲದೆ ಅದು ಇಳಿಯುವುದಿಲ್ಲವೆಂದು ನಿಮಗಿಬ್ಬರಿಗೂ ಹೊಳೆಯಲಿಲ್ಲ, ನನಗೆ ಹೊಳೆಯಿತು. ಹೇಳೋಣವೆಂದರೆ ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಕೋಡುಬಳೆ ಡಬ್ಬಿಯನ್ನು ಚೀಲಕ್ಕೆ ತುರುಕಿದೆ.

ಮರುದಿನ ಸಂಜೆ ಮರಿ, ನೀನು ಕಾರ್ಡು ಹರಡಿಕೊಂಡು ನನ್ನೆದುರು ಕೂತೆ.

"ಇದು ಇಳಿಯೋದೇ ಇಲ್ವಲ್ಲಜ್ಜಿ. ಚಿಕ್ಕವೆಲ್ಲ ಅಕ್ಕನ ಹತ್ರ ಅವೆ. ಆಟ ಮುಗಿದ್ಮೇಲೆ ವಾಪಸ್ ಬರ್ತವಾ?"

ನಿನ್ನ ತಲೆ ಸವರಿದೆ.

ಮಕ್ಕಳೇ, ಈ ಹಾಳೆಗಳನ್ನು ಮಾತ್ರ ಪಾಲು ಮಾಡಿಕೊಳ್ಳಬೇಡಿ. ಯಾರ ಮನೆಯಲ್ಲಾದರೂ ಸರಿ, ಒಂದೇ ಕಡೆ ಜೋಪಾನವಾಗಿಡಿ. ಓದಬೇಕೆನಿಸಿದಾಗ ಇನ್ನೊಬ್ಬರು ಅಲ್ಲಿಗೆ ಬರಲಿ.