ಅಡುಗೆಮನೆಯಿಂದ ಹಾಡಬೇಕಾದ ಸ್ವರ

ನುಸಿಗುಳಿಗೆಯ ವಾಸನೆ ಬಂದರೆ ಉಳಿದವರಿಗೆ ಕಪಾಟು ನೆನಪಾಗುತ್ತದೆ, ನನಗೆ ಪಿಯಾನೋ. ಕೆಮ್ಮಣ್ಣು ಎಂಬ ಊರಿನ ಅಜ್ಜನ ಮನೆಯಲ್ಲಿ ಮಳೆ ಹಿಡಿದ ಕೂಡಲೇ ಪಿಯಾನೋದೊಳಗೆ ನುಸಿಗುಳಿಗೆ ಹಾಕಿ, ಮೇಲೆ ದಪ್ಪ ಕಂಬಳಿ ಹೊದೆಸಿ, ಮಳೆ ಬಿಡುವ ತನಕ ಮುಚ್ಚಿಡುವುದು ಕ್ರಮ. ಕಂಬಳಿ ತೆಗೆದ ದಿನ ಸಂಗೀತವೂ ಜಗಳವೂ ಒಟ್ಟಿಗೇ ಶುರುವಾಗುತ್ತಿದ್ದವು. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಜ್ಜ ಪಿಯಾನೋಗೆಂದು ಒಂದು ವಾಲ್ಟ್ಜ್, ಅಂದರೆ ಜೋಡಿ ಕುಣಿತದ ಧಾಟಿ, ರಚಿಸಿದ್ದ. ಅದರ ಕೈಬರಹವೂ ಮನೆಯಲ್ಲಿತ್ತು, ಅವನೇ ಮಂಗಳೂರಿನ ಪ್ರೆಸ್ಸಿಗೆ ಕೊಟ್ಟು ಮಾಡಿಸಿದ ಅಚ್ಚಿನ ಪ್ರತಿಯೂ ಇತ್ತು. ಕೈಬರಹದಲ್ಲಿ ಒಂದು ಸಾಲಿನ ತುದಿಗೆ, ಇಡೀ ವಾಲ್ಟ್ಜಿನಲ್ಲಿ ಒಮ್ಮೆ ಮಾತ್ರ ಬರುವ, ತೀರಾ ಮೇಲಿನ ಸ್ವರವೊಂದಿತ್ತು. ಅಚ್ಚಿನಲ್ಲಿ ಅದೇ ಜಾಗದಲ್ಲಿ ಮೌನದ ಚಿಹ್ನೆ.

ಮಾಮ ಅಚ್ಚಿನ ಪಕ್ಷ. ಅವನ ಅಕ್ಕ, ನನ್ನ ಮಾವ್ಶಿ, ಕೈಬರಹದ ಪಕ್ಷ. ಭಾನುವಾರ ಇಗರ್ಜಿಯಿಂದ ಬಂದು ಮಾಮ ನುಡಿಸುತ್ತ ಆ ಮೌನಕ್ಕೆ ಕೈ ಎತ್ತಿದರೆ ಸಾಕು, ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ಮಾವ್ಶಿ "ಲಾ" ಎಂದು ಆ ಒಂದು ಸ್ವರವನ್ನು ಹಾಡಿಬಿಡುತ್ತಿದ್ದಳು. ಅದು ಅವಳ ಗಂಟಲಿಗೆ ಎಟುಕುತ್ತಿರಲಿಲ್ಲ; ಹೊರಗೆ ಕಾದಿದ್ದ ಬೆಕ್ಕು ಓಡಿಹೋಗುತ್ತಿತ್ತು.

"ಪ್ರೆಸ್ಸಿಗೆ ಕೊಟ್ಟದ್ದು ಅಪ್ಪನೇ ಅಲ್ವಾ? ಕೊನೆಗೆ ಹೇಳಿದ್ದೇ ಮಾತು," ಎನ್ನುತ್ತಿದ್ದ ಮಾಮ.

"ಪ್ರೆಸ್ಸಿನವ ನುಂಗಿದ್ದು ಮಾರಾಯ. ಅಪ್ಪ ಬರೆದದ್ದು ಇಲ್ಲಿ ಉಂಟು."

ನೋಡುವವರಿಗೆ ತಮಾಷೆ, ಅವಳಿಗಲ್ಲ. ಅಪ್ಪನ ದನಿ ಹೇಗಿತ್ತೆಂದೇ ಮರೆತುಹೋಗಿದೆ, ಅವನದೆಂದು ಉಳಿದಿರುವ ಇದರಲ್ಲೂ ಒಂದು ಸ್ವರ ಕಳೆಯಬೇಕಾ ಎಂದು ಒಮ್ಮೆ ನನ್ನ ತಲೆ ಬಾಚುತ್ತ ಕೇಳಿದ್ದಳು.

ಒಂದು ಆಟಿ ತಿಂಗಳು, ಜಡಿಮಳೆಗೆ ಶಾಲೆಗೆ ರಜೆ ಸಿಕ್ಕಿ, ಬೇಸರ ಹಿಡಿದು ನಾನು ಕಂಬಳಿ ಸರಿಸಿ ಕೈಬರಹ ನೋಡಿಕೊಂಡು ನುಡಿಸತೊಡಗಿದೆ. ಆ ಸ್ವರಕ್ಕೆ ಬೆರಳಿಟ್ಟರೆ ಕೀ ಒಳಗೇ ಕಚ್ಚಿಕೊಂಡಿತು, ಸದ್ದಿಲ್ಲ. ತೇವಕ್ಕೆ ಬಾತಿದ್ದ ಕೀ ಅದೊಂದೇ. ನನಗೆ ಬೈಯಲು ಓಡಿ ಬಂದ ಮಾಮ, ಮಾವ್ಶಿ ಇಬ್ಬರೂ ಒಬ್ಬರಾದ ಮೇಲೊಬ್ಬರು ಅದನ್ನು ಒತ್ತಿ ನೋಡಿದರು. ಅಜ್ಜ ವಾಲ್ಟ್ಜ್ ಬರೆದದ್ದು ಬೇಸಿಗೆಯಲ್ಲಿ. ಪ್ರೆಸ್ಸಿಗೆ ಒಯ್ದದ್ದು ಮಳೆಗಾಲದಲ್ಲಿ. ದೋಣಿಯಲ್ಲಿ ಕಾಗದ ಒದ್ದೆಯಾಗದಂತೆ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟ ಕಥೆಯನ್ನು ಮಾಮನೇ ಎಷ್ಟೋ ಸಲ ಹೇಳಿದ್ದ. ಕಂಬಳಿ ಸರಿಸಿ ನುಡಿಸಿ ನೋಡುತ್ತ ಪ್ರೆಸ್ಸಿಗೆ ಪ್ರತಿ ಮಾಡಿದ ಅಜ್ಜ, ಕೀ ಕಚ್ಚಿಕೊಂಡು ಬಾರದ ಸ್ವರವನ್ನು ಬಿಟ್ಟೇ ಬರೆದಿದ್ದ.

"ಹಾಗಾದ್ರೆ ಮಳೆಗಾಲಕ್ಕೆ ನಿಂದು, ಬೇಸಿಗೆಗೆ ನಂದು," ಎಂದು ಮಾವ್ಶಿ ತೀರ್ಪು ಕೊಟ್ಟಳು. ಹುಟ್ಟುಗುಣ ಸುಟ್ಟರೂ ಹೋಗದು. ಆಮೇಲೂ ಪಿಯಾನೋ ತೆರೆದಾಗಲೆಲ್ಲ ಮಾಮ ಕೈ ಎತ್ತಿದ, ಅವಳು ಹಾಡಿದಳು.

ಈಗ ಆ ಮನೆಯಿಲ್ಲ, ಅವರಿಬ್ಬರೂ ಇಲ್ಲ. ಪಿಯಾನೋ ಮಣಿಪಾಲದ ನನ್ನ ಫ್ಲಾಟಿನಲ್ಲಿದೆ. ರಿಪೇರಿಯಾದ ಮೇಲೆ ಯಾವ ಕೀಯೂ ಕಚ್ಚಿಕೊಳ್ಳುವುದಿಲ್ಲ. ಮೊನ್ನೆ, ಮಗಳ ಮದುವೆಗೆ ನುಡಿಸಲೆಂದು, ವಾಲ್ಟ್ಜನ್ನು ಕಂಪ್ಯೂಟರಿನಲ್ಲಿ ಚಂದ ಮಾಡಿ ಬರೆದೆ. ಆ ಜಾಗದಲ್ಲಿ ಮೌನದ ಚಿಹ್ನೆಯನ್ನಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ ಟಿಪ್ಪಣಿ ಹಾಕಿದೆ: "ಇಲ್ಲಿಯ ಸ್ವರವನ್ನು ಅಡುಗೆಮನೆಯಿಂದ ಹಾಡಬೇಕು." ಮತ್ತೆ ನುಡಿಸಿ ನೋಡಿದೆ. ಅಲ್ಲಿಗೆ ಬಂದಾಗ ಕೈ ತಾನಾಗಿ ಮೇಲೆದ್ದಿತು. ಅಡುಗೆಮನೆಯಲ್ಲಿ ಫ್ರಿಜ್ಜು ಮಾತ್ರ ಗುಂಯ್ ಎನ್ನುತ್ತಿತ್ತು. ಸ್ವಲ್ಪ ಕಾದು, ಕೊನೆಗೆ ನಾನೇ ಹಾಡಿದೆ. ಎಟುಕಲಿಲ್ಲ. ಮಾವ್ಶಿಗೂ ಎಂದೂ ಎಟುಕಿರಲಿಲ್ಲ.