ಹಿಂದೆ ಸರಿದವಳು

ದಾವಣಗೆರೆಯ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಅವತ್ತು ನೀರಿನ ದಿನ. ಕೊಡಗಳನ್ನೆಲ್ಲ ತುಂಬಿಟ್ಟು, ಮಂಡಕ್ಕಿಗೆ ಒಗ್ಗರಣೆ ಹಾಕಿ, ಊರಂಚಿನ ಕರೂರಿನ ಫ್ಯಾಕ್ಟರಿಗೆ ಹೊರಟ ಯಜಮಾನರ ಡಬ್ಬಿಯ ಮುಚ್ಚಳ ಒತ್ತುತ್ತಿದ್ದಾಗ ನಡುಮನೆಯಿಂದ ಅತ್ತೆ ಕೂಗಿದರು.

"ಬಾರವ್ವ, ನಿನ್ನ ಗೆಳತೀನ ಮತ್ತ ತೋರಿಸ್ತಿದಾರೆ!"

ಗೆಳತಿ ಏನಲ್ಲ, ಕಾನ್ವೆಂಟಿನಲ್ಲಿ ನನ್ನ ಪಕ್ಕದ ಬೆಂಚಿನವಳು. ಈಗ ಊರಿನ ಕೇಬಲ್ ಚಾನೆಲ್ಲಿನಲ್ಲಿ ಮನೆಮನೆಗೆ ಹೋಗಿ ಹೆಂಗಸರನ್ನು ಮಾತಾಡಿಸುವ, ಆಟ ಆಡಿಸುವ ಕಾರ್ಯಕ್ರಮ ನಡೆಸುತ್ತಿದ್ದಳು. ಬೆಣ್ಣೆದೋಸೆ ಹೋಟೆಲಿನಲ್ಲಿ ಅವಳಿಗೆ ಬಿಲ್ಲೇ ಕೊಡುವುದಿಲ್ಲವಂತೆ ಎಂದು ಯಜಮಾನರು ಒಮ್ಮೆ ಹೇಳಿದ್ದರು. ಹೇಳುವಾಗ ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೆ. ಅವಳು ಸೆರಗಿಗೆ ಪಿನ್ನು ಹಾಕುವ ಬಗೆಯನ್ನು ನಮ್ಮ ಬೀದಿಯವರೆಲ್ಲ ಕಲಿತಿದ್ದರು. ನಾನು ಕನ್ನಡಿಯ ಮುಂದೆ ಒಂದು ಸಲ ಹಾಕಿ ನೋಡಿ, ತೆಗೆದುಬಿಟ್ಟೆ.

ಟಿವಿಯಲ್ಲಿ ಬರುತ್ತಿದ್ದುದು ಇಷ್ಟೇ. ಹರಿಹರದ ಅಜ್ಜಿಯೊಬ್ಬರು ಅವಳತ್ತ ಕೈ ಚಾಚುತ್ತಾರೆ. ಅವಳು ಹುಬ್ಬು ಗಂಟಿಕ್ಕಿ ಹಿಂದೆ ಸರಿಯುತ್ತಾಳೆ. ಕೆಳಗೆ ಅಕ್ಷರಗಳು: ಉಡಿ ತುಂಬಲು ಬಂದ ಅಜ್ಜಿಗೆ ಅವಮಾನ, ನೀವೇನಂತೀರಿ, ಫೋನ್ ಮಾಡಿ. ವಾರದಿಂದ ಸಿನಿಮಾಕ್ಕೆ ಮುಂಚೆ, ಸಿನಿಮಾದ ನಡುವೆ ಇದೇ. ಅವಳನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಜನರ ಫೋನು ಕೇಳಿ ಅವತ್ತು ಸಂಜೆ ಹೇಳುವವರಿದ್ದರು.

"ಎಂಥಾ ಸೊಕ್ಕು ನೋಡು," ಎಂದರು ಅತ್ತೆ.

ಅದನ್ನು ಶೂಟಿಂಗ್ ಮಾಡಿದ ದಿನ ನಾನು ಆ ಮನೆಯಲ್ಲಿದ್ದೆ. ನನ್ನ ತವರು ಹರಿಹರ, ಅಜ್ಜಿಯ ಮನೆ ನಮ್ಮೆದುರಿಗೇ. ನೋಡಲೆಂದು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಮುಖವನ್ನೇ ನೋಡಿ, "ಸ್ವಲ್ಪ ಸರಿದು ನಿಲ್ರಿ, ಅಡ್ಡ ಬರ್ತೀರಿ," ಎಂದಿದ್ದಳು. ಹತ್ತನೆಯ ತರಗತಿಯವರೆಗೆ ನನ್ನ ಡಬ್ಬಿಯ ಚಿತ್ರಾನ್ನ ತಿಂದವಳು!

ಅಜ್ಜಿ ಅಕ್ಕಿ, ಕಾಯಿ, ಕುಪ್ಪಸದ ಬಟ್ಟೆಯಿಟ್ಟು ಉಡಿ ತುಂಬಿದರು. ಅವಳು ಸೆರಗೊಡ್ಡಿ ತುಂಬಿಸಿಕೊಂಡು ಕಾಲಿಗೆ ನಮಸ್ಕರಿಸಿದಳು. ಆಗ ಬೇರೆ ಊರಿಂದ ಬಂದಿದ್ದ ಕ್ಯಾಮೆರಾದವನು ಬೆಳಕು ಸಾಲಲಿಲ್ಲ, ಎಲ್ಲ ತಟ್ಟೆಗೆ ವಾಪಸ್ ಹಾಕಿ ಇನ್ನೊಮ್ಮೆ ಮಾಡಿ ಎಂದ. ಪಾಪ, ಟಿವಿಯವರು ಹೇಳಿದ್ದಾರೆಂದು ಅಜ್ಜಿಯೂ ಕಾಯಿ ತೆಗೆದುಕೊಳ್ಳಲು ಕೈ ಚಾಚಿದರು. ಅವಳು ಉಡಿಯನ್ನು ಹೊಟ್ಟೆಗೆ ಅವಚಿಕೊಂಡು ಹಿಂದೆ ಸರಿದಳು.

"ತುಂಬಿದ ಉಡಿ ಬರಿದು ಮಾಡ್ತಾರೇನ್ರಿ? ಬೆಳಕಿಲ್ಲಾಂದ್ರ ಬಿಡ್ರಿ!"

ನಮ್ಮಲ್ಲಿ ಯಾವ ಹೆಣ್ಣುಮಗಳಾದರೂ ಹಾಗೇ ಮಾಡುತ್ತಿದ್ದಳು. ಟಿವಿಯವರು ಕತ್ತರಿಸಿ ತೋರಿಸಿದ ಚಿತ್ರದಲ್ಲಿ ಉಡಿಯಿರಲಿಲ್ಲ, ಮಾತಿರಲಿಲ್ಲ.

ವಾರವೆಲ್ಲ ಬೀದಿಯವರು ಅವಳನ್ನು ಬೈಯುವಾಗ ನನಗೆ ಬಿಸಿ ಕಾಫಿ ಕುಡಿದಷ್ಟು ಹಿತವಾಗುತ್ತಿತ್ತು. ಆದರೆ ಅವಳ ಮೇಲೆ ಹೊಟ್ಟೆಕಿಚ್ಚು ಪಡಲು ನನಗೆ ನಿಜವಾದ ಕಾರಣಗಳೇ ಬೇಕಾದಷ್ಟಿದ್ದವು, ಈ ಸುಳ್ಳು ಬೇಕಿರಲಿಲ್ಲ. ಯಜಮಾನರು ಹೋದಮೇಲೆ ಚಾನೆಲ್ಲಿನವರಿಗೆ ಫೋನ್ ತಿರುಗಿಸಿದೆ.

"ಹೇಳ್ರಿ ಮೇಡಂ, ರೆಕಾರ್ಡ್ ಆಗ್ತಾ ಐತೆ," ಎಂದಿತು ಒಂದು ಗಂಡು ದನಿ.

"ನಾನು ಅಲ್ಲೇ ಇದ್ದೆ. ಅಜ್ಜಿ ಕೈ ಚಾಚಿದಾಗ ಅವಳು ಹಿಂದೆ ಸರಿದದ್ದು ನಿಜ, ನಾನು ಕಣ್ಣಾರೆ ನೋಡಿದೀನಿ. ಆದರೆ ಅಷ್ಟರಲ್ಲಿ ಉಡಿ ತುಂಬಿ ಆಗಿತ್ತು..." ಎಂದು ಶುರುಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಭಾಳ ಚಲೋ ಹೇಳಿದ್ರಿ. ಸಂಜೆ ಕೇಳ್ರಿ."

ಅತ್ತೆ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದ್ದರು. "ಗುರುತು ಹಿಡೀದೋಳ ಪರವಾಗಿ ಸಾಕ್ಷಿ ಬ್ಯಾರೆ! ನಿಂಗೆ ಬುದ್ಧಿ ಯಾವಾಗ ಬರ್ತೈತೋ," ಎಂದರು. ಆದರೂ ಪಕ್ಕದ ಮನೆಯವರನ್ನು ಸಂಜೆ ಕರೆದವರು ಅವರೇ. ಬರುವುದು ದನಿ ಮಾತ್ರ ಎಂದು ಗೊತ್ತಿದ್ದೂ ನಾನು ಮುಖ ತೊಳೆದು, ಹೂ ಮುಡಿದು ಕುಳಿತೆ.

ಅಜ್ಜಿ ಕೈ ಚಾಚಿದರು. ಅವಳು ಹಿಂದೆ ಸರಿದಳು. ಅದರ ಮೇಲೆ ನನ್ನ ದನಿ ಬಂತು: "ನಾನು ಅಲ್ಲೇ ಇದ್ದೆ. ಅಜ್ಜಿ ಕೈ ಚಾಚಿದಾಗ ಅವಳು ಹಿಂದೆ ಸರಿದದ್ದು ನಿಜ, ನಾನು ಕಣ್ಣಾರೆ ನೋಡಿದೀನಿ."

ಮುಂದಿನದು ಬರಲಿಲ್ಲ. ಕಾಯುತ್ತಿದ್ದ ಹಾಗೆಯೇ, ಕಣ್ಣಾರೆ ಕಂಡವರೇ ಹೇಳಿದ ಮೇಲೆ ಇನ್ನೇನಿದೆ, ನಾಳೆಯಿಂದ ಈ ಕಾರ್ಯಕ್ರಮಕ್ಕೆ ಹೊಸಬರು ಎಂದು ಹೇಳಿ ಜಾಹೀರಾತು ಹಾಕಿದರು. ನಾನು ಎದ್ದು ಮತ್ತೆ ಫೋನ್ ತಿರುಗಿಸಿದೆ. ಎಂಗೇಜ್. ಮತ್ತೆ ತಿರುಗಿಸಿದೆ. ಅತ್ತೆ ಟಿವಿಯ ದನಿ ತಗ್ಗಿಸಿದರು.

ಪಕ್ಕದ ಮನೆಯವರು ಮಂಡಕ್ಕಿ ತಟ್ಟೆ ಕೆಳಗಿಟ್ಟು, ಚಪ್ಪಲಿ ಮೆಟ್ಟುತ್ತ ಅಂದರು:

"ನಿಮ್ಮ ದನಿ ಅವಳ ದನೀಗಿಂತ ಚಲೋ ಐತೆ ಕಣ್ರಿ. ಆ ಜಾಗಕ್ಕ ನೀವೇ ಹೋಗಬಾರ್ದೇನ್ರಿ?"